ಚಳಿಗಾಲದ ಹಕ್ಕಿಗೆ ಗಿರಿಯಾ, ಕೆರೆಯಾ, ಕಾವಲಾ, ತೋಟವಾ?

ಚಿಕ್ಕಮಗಳೂರಿನಿಂದ ಪಶ್ಚಿಮಕ್ಕೆ ಹೊರಟರೆ ಮಲೆನಾಡು, ಕಡೂರಿನ ದಾರಿ ಹಿಡಿದರೆ ಬಯಲುಸೀಮೆ. ಹಕ್ಕಿ ನೋಡುವವರಿಗೆ ಇದು ದೊಡ್ಡ ಭಾಗ್ಯ. ಆದರೆ ಬಿಡುವು ಸಿಗೋದು ಭಾನುವಾರ ಒಂದೇ ಅಲ್ವಾ? ಹಾಗಾಗಿ ಎಲ್ಲಿಗೆ ಹೋಗಬೇಕು ಅನ್ನೋದು ಪ್ರತಿ ಶನಿವಾರ ರಾತ್ರಿಯ ಚರ್ಚೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ನಾನು ಸುತ್ತುವ ನಾಲ್ಕು ಜಾಗಗಳನ್ನು ಇಲ್ಲಿ ತೂಗಿ ನೋಡಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕಾಫಿ ತೋಟಕ್ಕೆ.

ಮುಳ್ಳಯ್ಯನಗಿರಿ ರಸ್ತೆಯನ್ನೇ ಎಲ್ಲರೂ ಮೊದಲು ಹೇಳುತ್ತಾರೆ. 1,930 ಮೀಟರ್ ಎತ್ತರ, ರಾಜ್ಯದಲ್ಲೇ ಅತಿ ಎತ್ತರದ ಶಿಖರ. ಬಂಡೆಗಳ ಮೇಲೆ ಬ್ಲೂ ರಾಕ್ ಥ್ರಶ್ ಕೂತಿರುತ್ತದೆ. ಚಾಣ ಗಾಳಿಯಲ್ಲಿ ನಿಂತಲ್ಲೇ ರೆಕ್ಕೆ ಬಡಿಯುತ್ತಾ ಹುಲ್ಲಿನಲ್ಲಿ ಬೇಟೆ ಹುಡುಕುತ್ತದೆ. ಎರಡೂ ಚಳಿಗಾಲದ ಅತಿಥಿಗಳೇ. ಆದರೆ ಮಂಜು ಬಿಡುವುದು ಎಷ್ಟೋ ದಿನ ಒಂಬತ್ತಕ್ಕೆ. ಅಷ್ಟು ಹೊತ್ತಿಗೆ ಪ್ರವಾಸಿಗಳ ಕಾರು, ಜೀಪು ಸಾಲುಗಟ್ಟಿರುತ್ತವೆ. ಗಾಳಿಯ ಜೋರಿಗೆ ಸಣ್ಣ ಹಕ್ಕಿಯ ದನಿ ಕೇಳುವುದೇ ಇಲ್ಲ. ವಾರದ ಮಧ್ಯೆ ರಜೆ ಸಿಕ್ಕರೆ ಖಂಡಿತ ಹೋಗಿ. ಭಾನುವಾರ ಬೇಡ.

ಅಯ್ಯನಕೆರೆ ಸಖರಾಯಪಟ್ಟಣದ ಹತ್ತಿರ. ಹಿಂದೆ ಶಕುನಗಿರಿ, ಮುಂದೆ ಕಣ್ಣು ಹಾಯುವಷ್ಟು ನೀರು. ಮಕ್ಕಳನ್ನು, ವಯಸ್ಸಾದವರನ್ನು ಕರೆದುಕೊಂಡು ಹೋಗಲು ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಏರಿಯ ಮೇಲೆ ಆರಾಮಾಗಿ ನಡೆಯಬಹುದು. ನೀರುಕಾಗೆ, ಮಿಂಚುಳ್ಳಿ, ಬಕ ಹತ್ತಿರದಲ್ಲೇ ಸಿಗುತ್ತವೆ. ಆದರೆ ಕೆರೆ ತುಂಬಿದ ವರ್ಷ ಬಾತುಗಳು ನಡುನೀರಿನಲ್ಲೇ ಇರುತ್ತವೆ. ಸಾಧಾರಣ ಬೈನಾಕ್ಯುಲರ್‌ನಲ್ಲಿ ಬರೀ ಚುಕ್ಕಿ ಕಂಡಂತೆ ಕಾಣುತ್ತವೆ. ನನ್ನ ಅನುಭವದಲ್ಲಿ ಆ ಕಡೆಯ ಹಳ್ಳಿಗಳ ಸಣ್ಣ ಕೆರೆಗಳೇ ಮೇಲು. ಜನವರಿ ಹೊತ್ತಿಗೆ ಅವುಗಳ ನೀರು ಇಳಿದು ಅಂಚಿನಲ್ಲಿ ಕೆಸರು ತೆರೆದುಕೊಳ್ಳುತ್ತದೆ. ಕೆಸರಿನಲ್ಲಿ ಹುಳು ಇರುತ್ತವೆ. ಹುಳುವಿಗಾಗಿ ಸ್ಯಾಂಡ್‌ಪೈಪರ್‌ಗಳು ಬರುತ್ತವೆ. ಮೇಯುವ ದನಗಳ ಕಾಲಡಿಯಲ್ಲೇ ಹಳದಿ ಕುಂಡೆಕುಸ್ಕಗಳು (ವ್ಯಾಗ್‌ಟೇಲ್) ಓಡಾಡುತ್ತವೆ. ಸೂಜಿಬಾಲದ ಬಾತಿನ ಬಾಲವನ್ನು ನಾನು ಸರಿಯಾಗಿ ನೋಡಿದ್ದು ಅಂಥ ಒಂದು ಕೆರೆಯಲ್ಲಿ, ಅಯ್ಯನಕೆರೆಯಲ್ಲಲ್ಲ.

ಕಡೂರು ತಾಲ್ಲೂಕಿನ ಬಾಸೂರು ಅಮೃತ ಮಹಲ್ ಕಾವಲು ನಾಲ್ಕರಲ್ಲಿ ದೂರದ್ದು. ಮೈಸೂರು ಅರಸರ ಕಾಲದಿಂದ ಅಮೃತ ಮಹಲ್ ದನಗಳಿಗೆ ಮೀಸಲಿದ್ದ ಹುಲ್ಲುಗಾವಲು. ಕೃಷ್ಣಮೃಗಗಳಿಗಾಗಿ 2011ರಲ್ಲಿ ಇದನ್ನು ಸಂರಕ್ಷಿತ ಮೀಸಲು ಪ್ರದೇಶ ಎಂದು ಘೋಷಿಸಿದರು. ಇಂಥ ಬಯಲಿಗೆ ಬೆಳಿಗ್ಗೆಗಿಂತ ಸಂಜೆ ಹೋಗುವುದು ಮೇಲು. ಮಧ್ಯ ಏಷ್ಯಾದ ಕಡೆಯಿಂದ ಬರುವ ಸೆಳೆವ (ಹ್ಯಾರಿಯರ್) ಎಂಬ ಬೇಟೆ ಹಕ್ಕಿಗಳು ಹಗಲೆಲ್ಲ ಹುಲ್ಲಿನ ಮೇಲೆ ತಗ್ಗಿನಲ್ಲಿ ತೇಲುತ್ತಾ ಮಿಡತೆ, ಇಲಿ ಹುಡುಕುತ್ತವೆ. ಕತ್ತಲಾದಾಗ ಮರ ಏರುವುದಿಲ್ಲ. ನೆಲದ ಮೇಲೆ, ಹುಲ್ಲಿನೊಳಗೇ ಮಲಗುತ್ತವೆ. ಅದಕ್ಕೇ ದಯವಿಟ್ಟು ರಸ್ತೆ ಬದಿಯಲ್ಲೇ ನಿಂತು ನೋಡಿ. ಫೋಟೋ ಆಸೆಗೆ ಹುಲ್ಲಿಗೆ ಇಳಿದರೆ ಅವುಗಳ ರಾತ್ರಿಯೇ ಕೆಡುತ್ತದೆ. ಒಂದೇ ಹಕ್ಕಿಯನ್ನು ತುಂಬಾ ಹೊತ್ತು ನೋಡುವ ತಾಳ್ಮೆ ಇರುವವರಿಗೆ ಕಾವಲು ಸರಿ. ಪಟ್ಟಿ ಉದ್ದ ಮಾಡಬೇಕು ಅನ್ನುವವರಿಗೆ ಅಲ್ಲ.

ಇನ್ನು ತೋಟ. ಇಲ್ಲಿಯ ಮಾತೇ ಬೇರೆ. ಕಾಫಿ ಗಿಡದ ಮೇಲೆ ಹಾಲುವಾಣ, ಅತ್ತಿ, ಬಸರಿ, ಹಲಸಿನ ನೆರಳು ಇರುವ ಹಳೇ ತೋಟ ಆಗಬೇಕು. ಬರೀ ಸಿಲ್ವರ್ ಓಕ್ ನೆಟ್ಟ ತೋಟದಲ್ಲಿ ಹಕ್ಕಿ ಕಡಿಮೆ. ಅಕ್ಕಪಕ್ಕದ ಎರಡು ತೋಟಗಳಲ್ಲಿ ಒಂದೇ ಬೆಳಿಗ್ಗೆ ನಡೆದರೆ ಈ ವ್ಯತ್ಯಾಸ ಯಾರಿಗೂ ಗೊತ್ತಾಗುತ್ತದೆ.

ಬೆಳಗಿನ ಮೊದಲ ಬೆಳಕಿಗೆ ನವರಂಗ ಹಕ್ಕಿ (ಇಂಡಿಯನ್ ಪಿಟ್ಟಾ) ಎರಡು ಸ್ವರದಲ್ಲಿ ಸಿಳ್ಳೆ ಹಾಕುತ್ತದೆ. ಆಮೇಲೆ ತರಗೆಲೆ ಕೆದಕುವ ಸದ್ದು. ಸುಮ್ನೆ ನಿಂತರೆ ಹತ್ತಿರವೇ ಬರುತ್ತದೆ. ನನಗೆ ಇನ್ನೂ ಇಷ್ಟವಾದದ್ದು ಫಾರೆಸ್ಟ್ ವ್ಯಾಗ್‌ಟೇಲ್. ಉಳಿದ ಕುಂಡೆಕುಸ್ಕಗಳು ಬಾಲವನ್ನು ಮೇಲೆ ಕೆಳಗೆ ಆಡಿಸಿದರೆ ಇದು ಅಡ್ಡಡ್ಡ ಆಡಿಸುತ್ತದೆ. ಕೆಸರಿನಲ್ಲಲ್ಲ, ಕಾಫಿ ಗಿಡದ ನೆರಳಲ್ಲಿ, ಮನುಷ್ಯರು ನಡೆದ ಕಾಲುದಾರಿಯಲ್ಲೇ ಓಡಾಡುತ್ತದೆ. ಕೊಂಬೆಯ ತುದಿಯಲ್ಲಿ ಕೆಂಪು ಕಣ್ಣಿನ ಬೂದು ಕಾಜಾಣ. ಇದೂ ಚಳಿಗೆ ಬಂದದ್ದು. ಊರಿನ ಕರಿ ಕಾಜಾಣವನ್ನೇ ನೋಡಿ ಅಭ್ಯಾಸವಾದವರು ಒಂದು ಕ್ಷಣ ನಿಲ್ಲುತ್ತಾರೆ. ತೋಟದ ನೆರಳಿಗೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ 10x42 ಬೈನಾಕ್ಯುಲರ್‌ಗಿಂತ ಎಂಟು ಪಟ್ಟಿನ 8x42 ಒಳ್ಳೆಯದು. ಹಕ್ಕಿ ಹತ್ತಿರ ಇರುತ್ತದೆ, ಬೆಳಕು ಕಡಿಮೆ, ನೋಟ ಅಗಲವಾಗಿರಬೇಕು.

ತೊಂದರೆಗಳೂ ಇವೆ. ಮಾಲೀಕರ ಅನುಮತಿ ಬೇಕು. ಕುಯ್ಲಿನ ಕಾಲದಲ್ಲಿ ಎಂಟರ ಮೇಲೆ ಆಳುಗಳ ಕೆಲಸ ಶುರುವಾಗುತ್ತದೆ, ಅವರಿಗೆ ಅಡ್ಡ ಬರಬಾರದು. ಆಲ್ದೂರು, ಮೂಡಿಗೆರೆ ಕಡೆ ಆನೆ ಓಡಾಟ ಜಾಸ್ತಿ. ತೋಟದ ಉಸ್ತುವಾರಿ ನೋಡುವ ರೈಟರನ್ನು ಕೇಳದೆ ಒಳಗೆ ಕಾಲಿಡಬೇಡಿ. "ಇವತ್ತು ಬೇಡ ಸಾರ್" ಅಂದರೆ ಅಲ್ಲಿಂದಲೇ ವಾಪಸ್ ಬನ್ನಿ. ನವರಂಗವನ್ನು ಕರೆಯಲು ಮೊಬೈಲಿನಲ್ಲಿ ಅದರ ಕೂಗು ಹಾಕುವವರನ್ನೂ ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಚಳಿಗಾಲದಲ್ಲೂ ಅದು ತನ್ನ ಜಾಗ ಕಾಯುವ ಹಕ್ಕಿ. ಇಲ್ಲದ ಎದುರಾಳಿಯನ್ನು ಹುಡುಕುತ್ತಾ ಮೇಯುವ ಹೊತ್ತು ಕಳೆದುಕೊಳ್ಳುತ್ತದೆ.

ತೋಟಕ್ಕೆ ಒಂದೇ ಸಲ ಹೋಗಲು ಆಗುವುದಾದರೆ ಫೆಬ್ರವರಿಯಲ್ಲಿ ಹೋಗಿ. ಹಾಲುವಾಣ ಎಲೆ ಉದುರಿಸಿ ಕೆಂಪಗೆ ಹೂಬಿಟ್ಟಿರುತ್ತದೆ. ಮಕರಂದಕ್ಕೆ ಕಾಜಾಣ, ಎಲೆಹಕ್ಕಿ, ಮೈನಾ, ಸೂರಕ್ಕಿ ಎಲ್ಲ ಒಂದೇ ಮರದಲ್ಲಿ ಜಗಳಾಡುತ್ತವೆ. ಎಲೆ ಇಲ್ಲದ್ದರಿಂದ ಹೊಸಬರಿಗೂ ಸ್ಪಷ್ಟವಾಗಿ ಕಾಣುತ್ತವೆ. ಅದೇ ತಿಂಗಳು ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಎಂಬ ಜಾಗತಿಕ ಹಕ್ಕಿ ಎಣಿಕೆ ನಡೆಯುತ್ತದೆ. ಒಂದು ಹಾಲುವಾಣದ ಕೆಳಗೆ 15 ನಿಮಿಷ ನಿಂತು ಎಣಿಸಿ, ಹಕ್ಕಿ ಪಟ್ಟಿ ದಾಖಲಿಸುವ ಜಾಲತಾಣ ಇ-ಬರ್ಡ್‌ಗೆ ಹಾಕಿದರೂ ಸಾಕು, ನಿಮ್ಮ ಪಟ್ಟಿಯೂ ಲೆಕ್ಕಕ್ಕೆ ಸೇರುತ್ತದೆ.