ಗೀಸರಿನ ಸೇಫ್ಟಿ ವಾಲ್ವಿಗೆ ಡಮ್ಮಿ ಹಾಕಿಸಬೇಡಿ

ಧಾರವಾಡದ ನಮ್ಮ ಮನೆಯ ಮಹಡಿ ಬಾತ್‌ರೂಮಿನಲ್ಲಿ ಶವರ್ ನೀರು ಸಣ್ಣಗೆ ಬರುತ್ತಿತ್ತು ಅಂತ ಪ್ರೆಶರ್ ಪಂಪ್ ಹಾಕಿಸಿದೆವು. ಬಿಸಿನೀರು ವಾಪಸ್ ಹೋಗಬಾರದು ಅಂತ ಪ್ಲಂಬರ್ ಗೀಸರಿನ ತಣ್ಣೀರು ಪೈಪಿಗೆ ಒಂದು ಎನ್‌ಆರ್‌ವಿಯನ್ನೂ (ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್) ಕೂಡಿಸಿದ. ಮರುದಿನದಿಂದಲೇ ಗೀಸರ್ ಹಚ್ಚಿದಾಗಲೆಲ್ಲ, ಒಳಗಿನ ಒತ್ತಡ ಹೆಚ್ಚಾದರೆ ನೀರು ಹೊರಬಿಡುವ ಸೇಫ್ಟಿ ವಾಲ್ವ್ ತೊಟ್ಟಿಕ್ಕತೊಡಗಿತು. ವಾಲ್ವ್ ಬದಲಿಸಿದ, ಮತ್ತೆ ಅದೇ ಕಥೆ. ಮೂರನೇ ಸಲ ಬಂದವನು "ಈ ವಾಲ್ವೂ ಸರಿ ಇಲ್ರಿ ಸರ್, ಡಮ್ಮಿ ಹಾಕಿಬಿಡ್ತೇನ್ರಿ" ಅಂದ. ಡಮ್ಮಿ ಅಂದರೆ ವಾಲ್ವಿನಿಂದ ನೀರು ಬರುವ ದಾರಿಯನ್ನೇ ಮುಚ್ಚುವ ಬಿರಡೆ. ಸೋರುವುದು ನಿಂತರೆ ಸಾಕು ಅಂತ ನಾನೂ ಹೂಂ ಅಂದೆ.

ಹನ್ನೆರಡನೇ ದಿನ ಬೆಳಿಗ್ಗೆ ಗೀಸರ್ ಟ್ಯಾಂಕಿನ ವೆಲ್ಡಿಂಗ್ ಬಿಟ್ಟು ಸುಡುನೀರು ಬಾತ್‌ರೂಮ್ ತುಂಬಾ ಸಿಡಿಯಿತು. ಅವ್ವ ಸ್ನಾನ ಮುಗಿಸಿ ಹೊರಗೆ ಬಂದು ಐದು ನಿಮಿಷವೂ ಆಗಿರಲಿಲ್ಲ. ನೆನೆದರೆ ಈಗಲೂ ಕೈ ನಡುಗುತ್ತದೆ.

ವಾಲ್ವಿನ ತಪ್ಪೇನೂ ಇರಲಿಲ್ಲ. ನೀರು ಕಾದರೆ ಹಿಗ್ಗುತ್ತದೆ, 25 ಲೀಟರ್ ನೀರು 25 ಡಿಗ್ರಿಯಿಂದ 70ಕ್ಕೆ ಏರಿದರೆ ಹೆಚ್ಚೂಕಮ್ಮಿ ಅರ್ಧ ಲೀಟರ್ ಜಾಸ್ತಿಯಾಗುತ್ತದೆ. ಮೊದಲು ಅದು ತಣ್ಣೀರಿನ ಪೈಪಿನಲ್ಲೇ ಹಿಂದೆ ಸರಿದು ಮೇಲಿನ ಸಿಂಟೆಕ್ಸ್ ಕಡೆ ಹೋಗುತ್ತಿತ್ತು. ಆ ದಾರಿಯನ್ನು ಎನ್‌ಆರ್‌ವಿ ಮುಚ್ಚಿತು. ಉಳಿದ ಒಂದೇ ದಾರಿಯಾದ ಸೇಫ್ಟಿ ವಾಲ್ವನ್ನು ಡಮ್ಮಿ ಹಾಕಿಸಿ ನಾವೇ ಮುಚ್ಚಿದೆವು.

ಬೇಕಾಗಿದ್ದದ್ದು ಸಣ್ಣ ಎಕ್ಸ್‌ಪಾನ್ಷನ್ ಟ್ಯಾಂಕ್. ಒಳಗೆ ರಬ್ಬರ್ ಪರದೆ, ಒಂದು ಕಡೆ ನೀರು, ಇನ್ನೊಂದು ಕಡೆ ಗಾಳಿ. ಎನ್‌ಆರ್‌ವಿಗೂ ಗೀಸರಿಗೂ ನಡುವೆ ಕೂಡಿಸಬೇಕು. ಅರ್ಧ ಲೀಟರ್ ಹಿಗ್ಗುತ್ತದೆ ಅಂತ ಅರ್ಧ ಲೀಟರಿನದ್ದೇ ತಂದರೆ ನಡೆಯುವುದಿಲ್ಲ, ಗಾಳಿಗೂ ಜಾಗ ಬೇಕಲ್ವಾ? ನಮ್ಮ ಪಂಪ್ 2 ಬಾರ್ ಒತ್ತಡಕ್ಕೆ ನಿಲ್ಲುತ್ತದೆ, ಒತ್ತಡ 4 ಬಾರ್ ದಾಟಬಾರದು ಅಂತ ಲೆಕ್ಕ ಹಾಕಿದರೆ ಒಂದೂಕಾಲು ಲೀಟರ್ ಬೇಕು. 2 ಲೀಟರಿನದು ಹಾಕಿಸಿದೆವು. ಕೂಡಿಸುವ ಮೊದಲೇ ಗಾಳಿಯನ್ನು ಪಂಪಿನ ಒತ್ತಡಕ್ಕೆ ಸರಿ ಮಾಡಬೇಕು. 2 ಬಾರ್ ಅಂದರೆ ಸುಮಾರು 29 ಪಿಎಸ್‌ಐ, ಪಂಕ್ಚರ್ ಅಂಗಡಿಯ ಮೀಟರಿನಲ್ಲೇ ನೋಡಬಹುದು.

ಮುಂದೆ ಮತ್ತೆ ತೊಟ್ಟಿಕ್ಕಿದರೆ ಪಂಪ್, ಗೀಸರ್ ಎರಡೂ ಆಫ್ ಮಾಡಿ, ಬಿಸಿನೀರಿನ ನಲ್ಲಿ ತೆರೆದು ಒತ್ತಡ ಇಳಿಸಿ, ಆಮೇಲೆ ಎಕ್ಸ್‌ಪಾನ್ಷನ್ ಟ್ಯಾಂಕಿನ ಗಾಳಿ ಅಳೆಯಿರಿ. ಗಾಳಿ ತುಂಬುವ ಬಾಯಿಯ ಪಿನ್ ಒತ್ತಿದಾಗ ನೀರು ಬಂದರೆ ರಬ್ಬರ್ ಹರಿದಿದೆ, ಟ್ಯಾಂಕ್ ಬದಲಿಸಿ. ಗೀಸರ್ ತಣ್ಣಗಿದ್ದಾಗಲೂ ಸೋರುತ್ತಿದ್ದರೆ ವಾಲ್ವಿನಲ್ಲಿ ಬೋರ್‌ವೆಲ್ ನೀರಿನ ಉಪ್ಪು ಕಟ್ಟಿರಬಹುದು, ಆಗ ವಾಲ್ವನ್ನೇ ನೋಡಿಸಿ.

ನಿಮ್ಮ ಮನೆಯ ವಾಲ್ವಿಗೆ ಯಾರಾದರೂ ಡಮ್ಮಿ ಹಾಕಿದ್ದರೆ ಈಗಲೇ ಗೀಸರ್ ಆಫ್ ಮಾಡಿ, ಅದನ್ನು ತೆಗೆಸಿದ ಮೇಲೆಯೇ ಹಚ್ಚಿ.