ನಂದಿಯ ನ್ಯಾರೋ ಗೇಜ್‌ಗೆ ಯಾವ ಅಳತೆ? ಮೂರನ್ನೂ ಹಾಕಿ ನೋಡಿದ ಮೇಲೆ

ಮಾದರಿ ರೈಲು ಅಂದ ತಕ್ಷಣ ಎಲ್ಲರೂ ಕೇಳುವುದು ಎಂಜಿನ್ ಯಾವುದು, ಎಷ್ಟಾಯ್ತು ಅಂತ. ಚಿಕ್ಕಬಳ್ಳಾಪುರದ ಕಡೆಯ ಹಳೇ ಲೈನನ್ನೇ ಮಾಡಬೇಕು ಅನ್ನುವವರಿಗೆ ಆ ಪ್ರಶ್ನೆ ಆಮೇಲೆ. ಮೊದಲು ಹಳಿ ತೀರ್ಮಾನವಾಗಬೇಕು. ಇಲ್ಲಿ ಓಡುತ್ತಿದ್ದದ್ದು ಎರಡೂವರೆ ಅಡಿಯ ನ್ಯಾರೋ ಗೇಜ್, ಅಂದರೆ ಎರಡು ಕಂಬಿಗಳ ನಡುವೆ 762 ಮಿ.ಮೀ. ಬೌರಿಂಗ್‌ಪೇಟೆಯಿಂದ ಕೋಲಾರಕ್ಕೆ 1913ರಲ್ಲಿ ಬಂತು. ಬೌರಿಂಗ್‌ಪೇಟೆ ಅಂದರೆ ಈಗಿನ ಬಂಗಾರಪೇಟೆ. ಯಲಹಂಕದ ಕಡೆಯಿಂದ ದೇವನಹಳ್ಳಿ, ನಂದಿ ದಾಟಿ ನಮ್ಮೂರು ಚಿಕ್ಕಬಳ್ಳಾಪುರಕ್ಕೆ ಬಂದದ್ದು 1915ರಲ್ಲಿ. ಸರ್ ಎಂ.ವಿ. ದಿವಾನರಾಗಿದ್ದ ಕಾಲ ಅದು. ಅವರ ಮುದ್ದೇನಹಳ್ಳಿಯೂ ಇಲ್ಲೇ ಪಕ್ಕದಲ್ಲಿದೆ.

ತೊಡಕು ಏನಪ್ಪಾ ಅಂದರೆ, ಕೊಳ್ಳಲು ಸಿಗುವ ಮಾದರಿ ಹಳಿ ಬಹುಪಾಲು ಯುರೋಪು, ಅಮೆರಿಕದ 1435 ಮಿ.ಮೀ. ಸ್ಟ್ಯಾಂಡರ್ಡ್ ಗೇಜ್‌ಗೆ ಲೆಕ್ಕ ಹಾಕಿ ಮಾಡಿದ್ದು. ನಮ್ಮ ಬ್ರಾಡ್ ಗೇಜ್ 1676, ಮೀಟರ್ ಗೇಜ್ 1000, ನ್ಯಾರೋ 762. ಒಂದೂ ಅದಕ್ಕೆ ಹೊಂದುವುದಿಲ್ಲ. ಹಾಗಾಗಿ ಅವರ ಹಳಿ ತಗೊಂಡು ನಮ್ಮ ಸ್ಕೇಲ್, ಅಂದರೆ ನಿಜವಾದ್ದಕ್ಕಿಂತ ಮಾದರಿ ಎಷ್ಟು ಪಟ್ಟು ಚಿಕ್ಕದು ಅನ್ನುವುದನ್ನು, ಬದಲಾಯಿಸಬೇಕು. ನಾನು ಹಾಕಿ ನೋಡಿದ್ದು ಮೂರು ದಾರಿ.

ಮೊದಲನೆಯದು ಎನ್ ಗೇಜ್. 9 ಮಿ.ಮೀ. ಹಳಿ, 1:160 ಸ್ಕೇಲ್. ಜಾಗ ಕಡಿಮೆ ಇರುವವರಿಗೆ ಎಲ್ಲರೂ ಹೇಳುವುದು ಇದನ್ನೇ. ಕೇಟೋ ಕಂಪನಿಯ 249 ಮಿ.ಮೀ. ತ್ರಿಜ್ಯದ ತಿರುವು ಹಾಕಿದರೆ ಎರಡಡಿ ಅಗಲದ ಹಲಗೆಯ ಮೇಲೆ ರೈಲು ಪೂರ್ತಿ ಒಂದು ಸುತ್ತು ಬರುತ್ತದೆ. ಹಳಿ ಜೋಡಿಸುವುದಂತೂ ಮಕ್ಕಳ ಕೆಲಸ. ಆದರೆ 9ನ್ನು 160ರಿಂದ ಗುಣಿಸಿ ನೋಡಿ, 1440 ಬರುತ್ತದೆ. ನಂದಿಯ ರೈಲಿನ ಗೇಜ್‌ಗೆ ಹೆಚ್ಚುಕಡಿಮೆ ದುಪ್ಪಟ್ಟು. ಎಷ್ಟೇ ಚೆಂದಾಗಿ ನಿಲ್ದಾಣ ಕಟ್ಟಿದರೂ ಅದರ ಮುಂದೆ ಹಾದುಹೋಗುವುದು ನಮ್ಮ ರೈಲಲ್ಲ. ಜೊತೆಗೆ ಐದೂವರೆ ಅಡಿ ಮನುಷ್ಯ ಇಲ್ಲಿ ಹತ್ತೂವರೆ ಮಿ.ಮೀ. ಆಗುತ್ತಾನೆ. (ಐದೂವರೆ ಅಡಿ ಅಂದರೆ ಸರಿಯಾಗಿ ಬ್ರಾಡ್ ಗೇಜ್ ಹಳಿಗಳ ನಡುವಿನ ಅಗಲ. ಲೆಕ್ಕ ನೆನಪಿಡಲು ಸುಲಭ, ಅಲ್ವಾ?) ಧೂಳಿನ ಕಾಟ ಬೇರೆ. ನಮ್ಮೂರಲ್ಲಿ ಮಾರ್ಚ್ ಬಂತು ಅಂದರೆ ಕಿಟಕಿ ಮುಚ್ಚಿದ್ದರೂ ಕೆಂಪು ಧೂಳು ಕೂರುತ್ತದೆ. ಹಗುರ ಎಂಜಿನ್ನಿನ ಸಣ್ಣ ಚಕ್ರಕ್ಕೆ ಹಳಿಯಿಂದ ಕರೆಂಟ್ ಸಿಗದೆ ಅದು ನಿಂತಲ್ಲೇ ನಿಲ್ಲುತ್ತದೆ. ಬೆರಳಲ್ಲಿ ತಳ್ಳಬೇಕು. ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಲ್ಲಿ ಹಳಿ ಒರೆಸುವುದೇ ಹವ್ಯಾಸ ಆಗಿಬಿಡುತ್ತದೆ.

ಎರಡನೆಯದು ಎಚ್‌ಒಇ. ಹಳಿ ಅದೇ 9 ಮಿ.ಮೀ., ಸ್ಕೇಲ್ ಮಾತ್ರ 1:87. ಈಗ ಗುಣಿಸಿದರೆ 783. ನಿಜವಾದ 762ಕ್ಕೆ 21 ಮಿ.ಮೀ. ಮಾತ್ರ ಜಾಸ್ತಿ. ಮಾದರಿಯಲ್ಲಿ ಅದು ಕಾಲು ಮಿ.ಮೀ. ವ್ಯತ್ಯಾಸ, ಯಾರ ಕಣ್ಣಿಗೂ ಬೀಳಲ್ಲ. ಪೆಕೊ ಕಂಪನಿಯವರು ಇದಕ್ಕೆಂದೇ ನ್ಯಾರೋ ಗೇಜ್ ಸ್ಲೀಪರ್ (ಕಂಬಿಗಳ ಕೆಳಗಿನ ಅಡ್ಡಪಟ್ಟಿ) ಇರುವ ಹಳಿ ಮಾಡುತ್ತಾರೆ. ಎನ್ ಗೇಜ್ ಎಂಜಿನ್ನಿನ ಚಾಸಿ ತಗೊಂಡು ಮೇಲೆ ನಮ್ಮದೇ ಬಾಡಿ ಕೂರಿಸಬಹುದು. ಬೋಗಿಗೂ ಹಾಗೆಯೇ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಕಟ್ಟಿದರಾಯ್ತು. ಕೊರತೆ ಏನೆಂದರೆ ಒಳಗಿರುವುದು ಅದೇ ಹಗುರ ಚಾಸಿ, ಹಾಗಾಗಿ ಧೂಳಿನ ತಂಟೆ ಅರ್ಧವಾದರೂ ಉಳಿಯುತ್ತದೆ.

ಮೂರನೆಯದು ನನಗೆ ಹಿಡಿಸಿದ್ದು. ಇದನ್ನು ಓ-ಎನ್-30 ಅನ್ನುತ್ತಾರೆ. ಸ್ಕೇಲ್ 1:48, ಆದರೆ ಹಳಿ ಮಾಮೂಲಿ ಎಚ್‌ಒದ (1:87ರಲ್ಲಿ ಮಾಡಿದ ಸ್ಟ್ಯಾಂಡರ್ಡ್ ಗೇಜ್) 16.5 ಮಿ.ಮೀ. ಗುಣಿಸಿದರೆ 792. ಅಳತೆಗೆ ಎಚ್‌ಒಇಗಿಂತ ಚೂರು ದೂರ, ಆದರೂ ಎರಡೂವರೆ ಅಡಿಯ ಲೈನಿಗೆಂದೇ ಹುಟ್ಟಿದ ಲೆಕ್ಕ. ಎಚ್‌ಒ ಹಳಿ, ಪಾಯಿಂಟು (ಹಳಿ ಕವಲೊಡೆಯುವ ತುಂಡು) ಎಲ್ಲಕ್ಕಿಂತ ಸುಲಭವಾಗಿ ಸಿಗುತ್ತವೆ. ಎಂಜಿನ್ ತೂಕವಾಗಿರುತ್ತದೆ, ನಿಧಾನಕ್ಕೆ, ಎಳೆದೆಳೆದು ಹೋಗುತ್ತದೆ. ನ್ಯಾರೋ ಗೇಜ್ ಹೋಗುತ್ತಿದ್ದದ್ದೇ ಹಾಗೆ! ಐದೂವರೆ ಅಡಿ ಮನುಷ್ಯ ಇಲ್ಲಿ 35 ಮಿ.ಮೀ. ಪಂಚೆ ಉಟ್ಟಿದ್ದಾನಾ, ತಲೆಗೆ ಟವಲ್ ಸುತ್ತಿದ್ದಾನಾ ಅನ್ನುವುದು ಕಾಣುತ್ತದೆ. ಮಂಗಳೂರು ಹೆಂಚು ಒಂದೊಂದೂ ಎಂಟು ಮಿ.ಮೀ. ಮೇಲೆ. ಒಂದೊಂದನ್ನೇ ಕತ್ತರಿಸಿ ಸಾಲಾಗಿ ಅಂಟಿಸಬಹುದು. ಎನ್ ಗೇಜ್‌ನಲ್ಲಿ ಅದು ಎರಡೂವರೆ ಮಿ.ಮೀ.; ಗೀರು ಎಳೆದು ಬಣ್ಣ ಬಳಿದರೆ ಮುಗಿಯಿತು.

ಒಂದು ಕಡೆ ಮಾತ್ರ ಕೈ ಹಾಕಲೇಬೇಕು. ಎಚ್‌ಒ ಹಳಿಯ ಸ್ಲೀಪರ್ 1:48ಕ್ಕೆ ತೀರಾ ಸಣಕಲು, ತೀರಾ ಒತ್ತೊತ್ತು. ನಾನು ಪ್ಲಾಸ್ಟಿಕ್ ಸ್ಲೀಪರ್‌ಗಳನ್ನು ನಡುನಡುವೆ ತೆಗೆದು, ಬಾಲ್ಸಾ ಮರವನ್ನು 4 ಮಿ.ಮೀ. ಅಗಲಕ್ಕೆ ಸೀಳಿ ತೂರಿಸುತ್ತೇನೆ. ಬೇಜಾರಿನ ಕೆಲಸ. ಆದರೆ ಕೊನೆಗೆ ರೈಲು ನೋಡುವವರು ಮೊದಲು ನೋಡುವುದು ಇದನ್ನೇ.

ಹಾಗಂತ 1:48 ಎಲ್ಲರಿಗೂ ಅಲ್ಲ. ನೂರಡಿ ಪ್ಲಾಟ್‌ಫಾರಂ ಇದರಲ್ಲಿ 63 ಸೆಂ.ಮೀ. ಮೇಲಾಗುತ್ತದೆ, 1:87ರಲ್ಲಿ 35, ಎನ್‌ನಲ್ಲಿ 19. ಒಂದು ನಿಲ್ದಾಣ, ಒಂದು ಲೂಪ್ (ಪಕ್ಕಕ್ಕೆ ಕವಲಾಗಿ ಮತ್ತೆ ಸೇರುವ ಹಳಿ), ಒಂದು ಹುಣಸೆ ಮರ ಇಷ್ಟೇ ಸಾಕು ಅನ್ನುವವರಿಗೆ ನಂದಿ ಹಾಲ್ಟ್ 1:48ರಲ್ಲೇ ಚೆಂದ. ಬಂಗಾರಪೇಟೆ ಮಾಡುತ್ತೀರಾ? ಆಗ ಕಣ್ಣುಮುಚ್ಚಿ 1:87 ತಗೊಳ್ಳಿ. ಅಲ್ಲಿ ಜೋಲಾರಪೇಟೆಯಿಂದ ಬರುವ, 1864ರಿಂದ ಇರುವ ಬ್ರಾಡ್ ಗೇಜ್ ಲೈನೂ ಬೇಕು, ಪಕ್ಕದಲ್ಲೇ ಕೋಲಾರದ ನ್ಯಾರೋವೂ ಬೇಕು. ಎರಡಕ್ಕೂ ಕೊಳ್ಳಲು ಸಿಗುವ ಹಳಿ ಇರುವುದು ಆ ಸ್ಕೇಲ್‌ನಲ್ಲಿ. ಬ್ರಾಡ್ ಗೇಜ್ 19 ಮಿ.ಮೀ. ಬರಬೇಕಾದಲ್ಲಿ 16.5 ಬರುತ್ತದೆ, ಅದನ್ನು ಸಹಿಸಿಕೊಳ್ಳಬೇಕು. ತುಮಕೂರಿನವರು 1884ರ ಮೀಟರ್ ಗೇಜ್ ಕೇಳಿದರೆ ಅದಕ್ಕೂ 1:87ರಲ್ಲೇ 12 ಮಿ.ಮೀ. ಹಳಿ ಇದೆ.

ಬೆಟ್ಟದ ವಿಷಯದಲ್ಲಿ ಮೂರೂ ಒಂದೇ. ನಂದಿ ಬೆಟ್ಟ 1478 ಮೀಟರ್. ಕೆಳಗಿನ ಬಯಲಿನಿಂದ 500 ಮೀಟರಿಗೂ ಜಾಸ್ತಿ ಎದ್ದು ನಿಂತಿದೆ. ಎನ್ ಗೇಜ್‌ನಲ್ಲೇ ಅದಕ್ಕೆ ಮೂರು ಮೀಟರ್ ಎತ್ತರ ಬೇಕು, 1:48ರಲ್ಲಿ ಹತ್ತು. ಹಿಂದಿನ ಗೋಡೆಗೆ ಬರೆದುಬಿಡಿ. ಥರ್ಮಾಕೋಲ್‌ನಲ್ಲಿ ಅರ್ಧಂಬರ್ಧ ಎಬ್ಬಿಸಿದರೆ ಗಣೇಶನ ಹಬ್ಬದ ಪೆಂಡಾಲ್ ಥರ ಕಾಣುತ್ತದೆ.

ಇನ್ನು ಹಳೇ ವಿವರ ಹುಡುಕುವ ವಿಚಾರ. ಇಲ್ಲೂ ಮೂರು ದಾರಿ ಇವೆ: ಕಾಗದ, ಹಿರಿಯರ ನೆನಪು, ಅಳತೆ ಟೇಪು. ಕಾಗದದಲ್ಲಿ ಹಳೇ ವೇಳಾಪಟ್ಟಿ ಸಿಕ್ಕರೆ ಬಿಡಬೇಡಿ. ದಿನಕ್ಕೆ ಎಷ್ಟು ಗಾಡಿ, ಎಲ್ಲಿ ಕ್ರಾಸಿಂಗ್ ಅನ್ನುವುದು ಅದರಲ್ಲೇ ಗೊತ್ತಾಗುತ್ತದೆ. ನಕ್ಷೆಯಿಂದ ಹೆಚ್ಚು ಬಯಸಬೇಡಿ. 1:2,50,000 ನಕ್ಷೆಯಲ್ಲಿ ಒಂದು ಕಿಲೋಮೀಟರ್ ಅಂದರೆ 4 ಮಿ.ಮೀ. ಲೈನ್ ಎಲ್ಲಿ ಹೋಗಿತ್ತು ಅಂತ ತೋರಿಸುತ್ತದೆ, ಲೂಪ್ ಎಲ್ಲಿತ್ತು ಅಂತ ತೋರಿಸಲ್ಲ. ಹಿರಿಯರ ಹತ್ತಿರ ಅಳತೆ ಕೇಳಿ ಪ್ರಯೋಜನವಿಲ್ಲ. ಒಬ್ಬರು ಪ್ಲಾಟ್‌ಫಾರಂ ಸೊಂಟದಷ್ಟು ಎತ್ತರ ಅಂತಾರೆ, ಇನ್ನೊಬ್ಬರು ಇರಲೇ ಇಲ್ಲ ಅಂತಾರೆ. ಆದರೆ ಮೂಟೆ ಯಾವ ಕಡೆ ಇಳಿಸುತ್ತಿದ್ದರು, ಶಿಡ್ಲಘಟ್ಟದ ರೇಷ್ಮೆಗೂಡಿನವರು ಎಲ್ಲಿ ಕಾಯುತ್ತಿದ್ದರು, ಬಾಗಿಲಿಗೆ ಯಾವ ಬಣ್ಣ ಇತ್ತು ಅಂತ ಕೇಳಿ ನೋಡಿ. ಯಾವ ದಾಖಲೆಯಲ್ಲೂ ಇಲ್ಲದ್ದು ಸಿಗುತ್ತದೆ.

ಕಟ್ಟಡದ ಅಳತೆಗೆ ಟೇಪೇ ಗತಿ. ನಂದಿ ಹಾಲ್ಟ್‌ನ ಹಳೇ ಕಟ್ಟಡ ಇನ್ನೂ ನಿಂತಿರುವುದು ಪುಣ್ಯ. ಅಲ್ಲಿಯ ಸಿಬ್ಬಂದಿಗೆ ಹೇಳಿ, ಅನುಮತಿ ತಗೊಂಡು ಅಳೆಯಿರಿ. ಅಡಿ ಅಡಿಗೆ ಕೆಂಪು-ಬಿಳಿ ಬಳಿದ ಕೋಲೊಂದನ್ನು ಗೋಡೆಗೆ ಒರಗಿಸಿ ಫೋಟೋ ತೆಗೆದರೆ, ಅಳೆಯಲು ಮರೆತದ್ದನ್ನು ಮನೆಯಲ್ಲಿ ಲೆಕ್ಕ ಹಾಕಬಹುದು. ಹಳೇ ಫೋಟೋದಲ್ಲಿ ಆ ಕೋಲಿನ ಕೆಲಸವನ್ನು ಹಳಿಯೇ ಮಾಡುತ್ತದೆ. ಎರಡು ಕಂಬಿಗಳ ನಡುವೆ 762 ಅಂತ ಗೊತ್ತಿರುವುದರಿಂದ, ಅಷ್ಟೇ ದೂರದಲ್ಲಿರುವ ಬೋಗಿಯ ಅಗಲ ತಿಳಿಯುತ್ತದೆ. ನೆಲಮಟ್ಟವನ್ನು ಮಾತ್ರ ಈಗಿನದನ್ನೇ ನಂಬಬೇಡಿ. ಬ್ರಾಡ್ ಗೇಜ್ ಹಾಕುವಾಗ ಹಳಿ, ಪ್ಲಾಟ್‌ಫಾರಂ ಎರಡೂ ಬದಲಾಗಿರುತ್ತವೆ. ಕೋಲಾರದ ಕಡೆಯ ಲೈನಂತೂ ಬ್ರಾಡ್ ಆಗಿ ಮತ್ತೆ ಶುರುವಾದದ್ದೇ 2013ರಲ್ಲಿ.

ಕೊನೆಗೆ ಜಲ್ಲಿ. ಹೊರದೇಶದ ಪ್ಯಾಕೆಟ್ ಜಲ್ಲಿ ಕೆಲವು ಅಕ್ರೋಟ್ ಚಿಪ್ಪಿನ ಪುಡಿ. ಹಗುರ, ಅಂಟು ಹನಿಸಿದರೆ ತೇಲುತ್ತದೆ. ನಮ್ಮ ಕ್ರಷರ್ ಪುಡಿ ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದರೆ ಅದಕ್ಕಿಂತ ಎಷ್ಟೋ ವಾಸಿ. ಬಣ್ಣವೂ ಇಲ್ಲಿನ ಕಲ್ಲಿನದೇ. ಫೆವಿಕಾಲ್‌ಗೆ ಅಷ್ಟೇ ನೀರು, ಒಂದು ತೊಟ್ಟು ಪಾತ್ರೆ ತೊಳೆಯುವ ಲಿಕ್ವಿಡ್ ಸೇರಿಸಿ ಡ್ರಾಪರ್‌ನಲ್ಲಿ ಬಿಡಿ. ಹಾಕುವ ಮುಂಚೆ ಪುಡಿಯೊಳಗೆ ಒಂದು ಅಯಸ್ಕಾಂತ ಆಡಿಸಲೇಬೇಕು. ಕಪ್ಪು ಕಾಳುಗಳು ಮೀಸೆಯಂತೆ ಅಂಟಿಕೊಂಡು ಬರುತ್ತವೆ. ಅವು ಹಾಗೇ ಉಳಿದರೆ ಮೋಟಾರ್ ಒಳಗೆ ಹೋಗಿ ಕೂರುತ್ತವೆ.