ಪ್ರಾತುನಾಮ್ ಹತ್ತಿರದ ಹಸಿರು ಬೋರ್ಡು

ದಾವಣಗೆರೆಯಲ್ಲಿ ನಮ್ಮದು ಮಕ್ಕಳ ಬಟ್ಟೆ ಅಂಗಡಿ. ವರ್ಷಕ್ಕೊಮ್ಮೆ ಬ್ಯಾಂಕಾಕಿನ ಪ್ರಾತುನಾಮ್‌ಗೆ ಹೋಗಿ ಫ್ರಾಕು, ಟೀಶರ್ಟು ತರುತ್ತೇನೆ. ಅಲ್ಲಿನ ಹೋಲ್‌ಸೇಲ್ ಸಂದಿಗಳಲ್ಲಿ ಕೈಯಲ್ಲಿ ನಗದಿದ್ದರಷ್ಟೇ ಚೌಕಾಸಿಗೆ ಬೆಲೆ.

ಮೊದಲ ಸಲ ಎಟಿಎಂ ನಂಬಿಕೊಂಡು ಹೋಗಿದ್ದೆ. ಹತ್ತು ಸಾವಿರ ಬಾತ್ (ಥಾಯ್ ಹಣ) ತೆಗೆದೆ. ಹೊರದೇಶದ ಕಾರ್ಡು ಅಂತ 220 ಬಾತ್ ಹಿಡಿದುಕೊಂಡಿತು. ಅದು ಮೊದಲೇ ಗೊತ್ತಿತ್ತು, ಇರಲಿ. ಆಮೇಲೆ ಪರದೆ ಮೇಲೆ ಒಂದು ಪ್ರಶ್ನೆ: ರೂಪಾಯಿ ಲೆಕ್ಕದಲ್ಲೇ ಕಳೆಯೋಣವಾ? ನಮ್ಮ ದುಡ್ಡಿನ ಲೆಕ್ಕ ತಾನೇ, ಒಳ್ಳೇದೇ ಅಂತ ಒಪ್ಪಿಗೆ ಒತ್ತಿಬಿಟ್ಟೆ. ಆ ದಿನ ಬಾತ್ ಒಂದಕ್ಕೆ 2.60 ರೂಪಾಯಿ ಇತ್ತು, ಯಂತ್ರ ಹಾಕಿದ್ದು 2.77! ಊರಿನ ಬ್ಯಾಂಕು ತನ್ನ ಪಾಲಿಗೆ 150, ಅದರ ಮೇಲೆ ಜಿಎಸ್‌ಟಿ. 26,000 ರೂಪಾಯಿಯ ಬಾತಿಗೆ ಖಾತೆಯಿಂದ ಹೋದದ್ದು 28,486. ಅಲ್ಲಿ ‘ಬೇಡ’ ಅಂತ ಒತ್ತಿ ಬಾತಿನಲ್ಲೇ ಕಳೆಯಲು ಬಿಡಬೇಕಂತೆ. ಹಾಗೆ ಮಾಡಿದ್ದರೂ ನನ್ನ ಕಾರ್ಡಿಗೆ ಶೇಕಡಾ 3.5 ಮಾರ್ಕಪ್ (ಹೊರದೇಶದ ಖರ್ಚಿನ ಮೇಲೆ ಬ್ಯಾಂಕು ಸೇರಿಸುವ ಶುಲ್ಕ) ಬೀಳುತ್ತಿತ್ತು.

ಅಂದಿನಿಂದ ನನ್ನ ಗಿರಾಕಿತನ ಸೂಪರ್‌ರಿಚ್ ಥಾಯ್ಲೆಂಡ್ ಅನ್ನೋ ಹಣ ಬದಲಿಸುವ ಅಂಗಡಿಗೆ. ಪ್ರಾತುನಾಮ್‌ನಿಂದ ಕಾಲುವೆ ಸೇತುವೆ ದಾಟಿ ರಾಜದಮ್ರಿ ರಸ್ತೆಯ ಬಿಗ್ ಸಿ ಸೂಪರ್‌ಮಾರ್ಕೆಟ್ ಕಡೆ ನಡೆದರೆ ಹಸಿರು ಬೋರ್ಡು ಕಾಣುತ್ತೆ. ಕಿತ್ತಳೆ ಬಣ್ಣದ ಸೂಪರ್‌ರಿಚ್ 1965 ಬೇರೆ ಕಂಪನಿ, ಅದೂ ಅಲ್ಲೇ ಹತ್ತಿರ. ನಾನು ಎರಡರ ದರವನ್ನೂ ನೋಡಿಯೇ ಒಳಗೆ ಹೋಗೋದು. ಬಟ್ಟೆ ವ್ಯಾಪಾರದವಳಿಗೆ ಹತ್ತು ಪೈಸೆಯೂ ಪೈಸೆಯೇ.

ಇಲ್ಲಿ ಪ್ರತ್ಯೇಕ ಕಮಿಷನ್ ಇಲ್ಲ, ಬೋರ್ಡಿನ ದರವೇ ದರ. ಆದರೆ ಬೋರ್ಡನ್ನು ಸರಿಯಾಗಿ ಓದಬೇಕು. ನೂರು ಡಾಲರಿನ ನೋಟಿಗೆ ಒಂದು ದರ, ಸಣ್ಣ ನೋಟುಗಳಿಗೆ ಅದಕ್ಕಿಂತ ಕಡಿಮೆ. ನಮ್ಮ ರೂಪಾಯಿಯನ್ನೂ ತೊಗೊಳ್ತಾರೆ (25,000 ತನಕ ದೇಶದಿಂದ ಒಯ್ಯಬಹುದು), ಆದರೆ ಡಾಲರಿಗೆ ಸಿಗುವಷ್ಟು ಗಿಟ್ಟಲ್ಲ. ಹಾಗಾಗಿ ಊರಲ್ಲೇ ನೂರರ ನೋಟು ಕೊಳ್ತೇನೆ. ಲಕ್ಷದೊಳಗಿನ ವಿನಿಮಯಕ್ಕೆ ಜಿಎಸ್‌ಟಿ ಶೇಕಡಾ 0.18, ಕನಿಷ್ಠ 45 ರೂಪಾಯಿ. ಡಾಲರ್ ಮಾರುವವನ ದರ ಮಾತ್ರ ನಾಲ್ಕು ಕಡೆ ವಿಚಾರಿಸಿ, ಇಡೀ ಲಾಭ ನಷ್ಟ ಅಲ್ಲೇ ಇರೋದು. ಹರಿದ, ಪೆನ್ನಿನ ಗೆರೆ ಬಿದ್ದ ನೋಟು ಕೊಟ್ಟರೆ ಅವನ ಮುಂದೆಯೇ ವಾಪಸ್ ಮಾಡಿ.

ವಿಮಾನ ಇಳಿದ ಕೂಡಲೇ ಕಾಸು ಬೇಕೆನ್ನುವವರು ಸುವರ್ಣಭೂಮಿ ವಿಮಾನ ನಿಲ್ದಾಣದ ನೆಲಮಾಳಿಗೆಗೆ, ರೈಲು ಹತ್ತುವ ಕಡೆ ಇಳಿಯಿರಿ. ಅಲ್ಲಿನ ಕೌಂಟರುಗಳ ದರ ಮೇಲಿನವಕ್ಕಿಂತ ಎಷ್ಟೋ ವಾಸಿ.

ಹಣ ಬದಲಿಸುವಾಗ ಪಾಸ್‌ಪೋರ್ಟ್ ಕೇಳ್ತಾರೆ. ಕಳೆದ ಸಲ ಹೋಟೆಲ್ ಲಾಕರಿನಲ್ಲಿ ಬಿಟ್ಟು ಬಂದಿದ್ದೆ. ಏಪ್ರಿಲ್ ಬಿಸಿಲು, ವಾಪಸ್ ಇಪ್ಪತ್ತು ನಿಮಿಷ ನಡಿಗೆ, ಜೊತೆಗೆ ನಮ್ಮನೆಯವರ ಭಾಷಣ.